ವ್ಯಾಕ್ಯೂಮ್ ಸೀಲರ್: ಮಾಡಬೇಕಾದ್ದು, ಮಾಡಬಾರದ್ದು

ಬಾರಾಮತಿಯ ಕನ್ನಡ ಮನೆಗಳಿಗೆ ಸೂಚನೆ. ಅಡುಗೆಮನೆಯಲ್ಲಿ ಕಣ್ಣಿಗೆ ಬೀಳುವ ಕಡೆ ಅಂಟಿಸಿ.

ಮೊದಲು ಇದನ್ನು ಓದಿ

ಸೀಲರ್ ಗಾಳಿ ತೆಗೆಯುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ.

ಗಾಳಿ ಹೋದರೆ ಬೂಸ್ಟು ಬರುವುದು ತಡವಾಗುತ್ತದೆ, ಎಣ್ಣೆ ಕಮಟುವುದು ತಡವಾಗುತ್ತದೆ. ಆದರೆ ಗಾಳಿಯಿಲ್ಲದ ಕಡೆಯೇ ಬೆಳೆಯುವ ಬ್ಯಾಕ್ಟೀರಿಯಾ ಒಂದಿದೆ: ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ. ಅದರ ಬೀಜಕಣ ಹೊಲದ ಮಣ್ಣಿನಲ್ಲಿರುತ್ತದೆ. ಬೆಳ್ಳುಳ್ಳಿ, ಆಲೂಗಡ್ಡೆ, ಅಣಬೆಯ ಜೊತೆ ಮನೆಗೆ ಬರುತ್ತದೆ. 100 ಡಿಗ್ರಿಯಲ್ಲಿ ಕುದಿಸಿದರೂ ಸಾಯುವುದಿಲ್ಲ. ತೇವವಿದ್ದು, ಹುಳಿ ಕಡಿಮೆಯಿದ್ದು, ತಂಪಿಲ್ಲದ ಪ್ಯಾಕೆಟ್ಟಿನೊಳಗೆ ಅದು ಮೊಳೆತು ವಿಷ ಬಿಡುತ್ತದೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕಣ್ಣು, ನಾಲಿಗೆ, ಗಂಟಲು, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತವೆ. ಜೀವವೇ ಹೋಗಬಹುದು.

1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಎಣ್ಣೆಯಲ್ಲಿ ಹಾಕಿ ಫ್ರಿಡ್ಜಿನ ಹೊರಗಿಟ್ಟ ಕೊಚ್ಚಿದ ಬೆಳ್ಳುಳ್ಳಿಯಿಂದ 36 ಮಂದಿ ಹಾಸಿಗೆ ಹಿಡಿದರು. ನಮ್ಮ ದೇಶವೂ ಇದಕ್ಕೆ ಹೊರತಲ್ಲ. 1996ರ ಸೆಪ್ಟೆಂಬರಿನಲ್ಲಿ ಗುಜರಾತಿನ ಒಂದು ವಸತಿ ಶಾಲೆಯ 34 ವಿದ್ಯಾರ್ಥಿಗಳು ಕಾಯಿಲೆ ಬಿದ್ದರು, 3 ಮಕ್ಕಳು ತೀರಿಕೊಂಡರು. ಅದೇ ಬಗೆಯ ವಿಷ ಬಿಡುವ ಇನ್ನೊಂದು ಕ್ಲಾಸ್ಟ್ರಿಡಿಯಂನ ಶಂಕೆ ಅಲ್ಲಿನ ಕಡಲೆಹಿಟ್ಟಿನ ಸೇವಿನ ಮೇಲೆ ಬಿತ್ತು.

ಆದ್ದರಿಂದ ನಿಯಮ ಒಂದೇ: ಗರಿಗರಿ ಒಣಗಿದ್ದು ಮಾತ್ರ ಹೊರಗೆ, ತೇವವಿರುವುದೆಲ್ಲ ಫ್ರಿಡ್ಜಿಗೆ ಇಲ್ಲವೆ ಫ್ರೀಜರಿಗೆ.

ಮಾಡಬೇಕಾದ್ದು

ಸೀಲ್ ಮಾಡುವ ಮುಂಚೆ

1. ಕೈಯನ್ನು ಸೋಪು ಹಚ್ಚಿ 20 ಸೆಕೆಂಡು ತೊಳೆಯಿರಿ.
2. ಕಟ್ಟೆ, ಚಾಕು, ಮಣೆ ತೊಳೆದು ಒಣಬಟ್ಟೆಯಿಂದ ಒರೆಸಿ.
3. ಗಜ್ಜರಿ, ಮೂಲಂಗಿ, ಆಲೂಗಡ್ಡೆಗೆ ಮೆತ್ತಿದ ಎರೆಮಣ್ಣನ್ನು ಹರಿಯುವ ನೀರಿನಲ್ಲಿ ಬೆರಳಿನಿಂದ ಉಜ್ಜಿ ತೆಗೆಯಿರಿ.
4. ತೊಳೆದ ಕಾಯಿಪಲ್ಲೆಯನ್ನು ಬಟ್ಟೆಯ ಮೇಲೆ ಹರವಿ ನೀರು ಪೂರ್ತಿ ಆರಿಸಿ.
5. ಬಿಸಿ ಅಡುಗೆಯನ್ನು ಅಗಲ ತಾಟಿಗೆ ಸುರಿದು ಬೇಗ ತಣಿಸಿ.
6. ಅಡುಗೆಯಾದ 2 ಗಂಟೆಯೊಳಗೆ ಪ್ಯಾಕೆಟ್ಟನ್ನು ಫ್ರಿಡ್ಜಿಗೆ ಸೇರಿಸಿ.
7. ಅಡುಗೆಮನೆಯ ಬಿಸಿ 32 ಡಿಗ್ರಿ ದಾಟಿದ್ದರೆ 1 ಗಂಟೆಯೊಳಗೆ ಸೇರಿಸಿ. 40 ಡಿಗ್ರಿ ಮುಟ್ಟುವ ಏಪ್ರಿಲ್, ಮೇ ತಿಂಗಳಲ್ಲಿ ಬಾರಾಮತಿಗೆ ಈ 1 ಗಂಟೆಯ ಲೆಕ್ಕವನ್ನೇ ಹಿಡಿಯಿರಿ.
8. ಒಂದು ಹೊತ್ತಿಗೆ ಸಾಲುವಷ್ಟೇ ಪಾಲು ಮಾಡಿ ಹಾಕಿ.
9. ಕಾಯಿಪಲ್ಲೆ ಮೊದಲು, ಅಡುಗೆ ಆಮೇಲೆ, ಹಸಿ ಮಾಂಸ ಮತ್ತು ಮೀನು ಕಟ್ಟಕಡೆಗೆ ಸೀಲ್ ಮಾಡಿ.
10. ಫ್ರಿಡ್ಜಿನಲ್ಲಿ ಒಂದು ತಾಪಮಾಪಕ ಇಡಿ. 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇದೆಯೇ ನೋಡಿ.
11. ಫ್ರೀಜರ್ ಮೈನಸ್ 18 ಡಿಗ್ರಿಯಲ್ಲಿದೆಯೇ ನೋಡಿ.

ಚೀಲ ಮತ್ತು ಯಂತ್ರ

12. ಆಹಾರಕ್ಕೆ ತಕ್ಕದ್ದು ಎಂದು ಮುದ್ರಿಸಿರುವ ಚೀಲವನ್ನೇ ಕೊಳ್ಳಿ.
13. ಮನೆಯ ಸಾಮಾನ್ಯ ಸೀಲರಿಗೆ ಒಂದು ಮಗ್ಗುಲು ಗೀರುಗೀರಾಗಿರುವ ಚೀಲ ಹಾಕಿ; ನುಣುಪು ಚೀಲದಲ್ಲಿ ಗಾಳಿಗೆ ದಾರಿಯಿಲ್ಲ.
14. ಚೀಲದ ಬಾಯಿಯಿಂದ ಪದಾರ್ಥದವರೆಗೆ ನಾಲ್ಕು ಬೆರಳಷ್ಟು ಜಾಗ ಬಿಡಿ.
15. ತುಂಬುವಾಗ ಚೀಲದ ಬಾಯನ್ನು ಹೊರಕ್ಕೆ ಮಡಚಿ, ಆಮೇಲೆ ಬಿಡಿಸಿ.
16. ಬಾಯಿಯ ಒಳಭಾಗವನ್ನು ಒಣ ಬಟ್ಟೆಯಿಂದ ಒರೆಸಿ. ಎಣ್ಣೆಯ ಒಂದು ಹನಿ, ಹಿಟ್ಟಿನ ಒಂದು ಗೆರೆ ಉಳಿದರೂ ಸೀಲ್ ಕೂಡುವುದಿಲ್ಲ.
17. ತೇವದ ಪದಾರ್ಥಕ್ಕೆ ಅರ್ಧ ಬೆರಳಿನ ಅಂತರದಲ್ಲಿ ಎರಡು ಸೀಲ್ ಹಾಕಿ.
18. ಸೀಲನ್ನು ಬೆಳಕಿಗೆ ಹಿಡಿದು ನೋಡಿ. ಕರಗಿದ ಪಟ್ಟಿ ಅಂಚಿನಿಂದ ಅಂಚಿಗೆ ಒಂದೇ ಅಗಲ, ಒಂದೇ ಹೊಳಪು ಇರಬೇಕು. ಸುಕ್ಕು, ಗುಳ್ಳೆ, ಬಿಳಿ ಚುಕ್ಕೆ ಕಂಡರೆ ಕತ್ತರಿಸಿ ಮತ್ತೆ ಹಾಕಿ.
19. ಒಣ ಪದಾರ್ಥದ ಪ್ಯಾಕೆಟ್ಟನ್ನು ಒಂದು ದಿನ ಬಿಟ್ಟು ಒತ್ತಿ ನೋಡಿ. ಸಡಿಲವಾಗಿದ್ದರೆ ಬೇರೆ ಚೀಲಕ್ಕೆ ಹಾಕಿ.
20. ಒಂದು ಸೀಲಿಗೂ ಇನ್ನೊಂದಕ್ಕೂ ನಡುವೆ ಯಂತ್ರದ ಪುಸ್ತಿಕೆಯಲ್ಲಿ ಹೇಳಿದಷ್ಟು ಹೊತ್ತು ಬಿಡಿ.
21. ಹನಿ ಬೀಳುವ ತಟ್ಟೆಯನ್ನು ಪ್ರತಿ ಸಲ ತೊಳೆದು ಒಣಗಿಸಿ.
22. ತೊಳೆಯುವ ಮುಂಚೆ ಪ್ಲಗ್ ಕೀಳಿ.
23. ಮುಚ್ಚಳದ ಬೀಗ ಬಿಡಿಸಿ ಯಂತ್ರವನ್ನು ಎತ್ತಿಡಿ; ಬಿಗಿದೇ ಇಟ್ಟರೆ ರಬ್ಬರ್ ಚಪ್ಪಟೆಯಾಗಿ ಗಾಳಿ ಸೋರುತ್ತದೆ.

ಜೋಳ, ಶೇಂಗಾ, ಬೇಳೆ, ಮಸಾಲೆ

24. ಬಿಳಿಜೋಳವನ್ನು ಬಿಸಿಲಿಗೆ ಹರವಿ ಒಣಗಿಸಿ. ಹಲ್ಲಿನಲ್ಲಿ ಕಚ್ಚಿದರೆ ಟಕ್ ಎಂದು ಒಡೆಯಬೇಕು. ಮೆತ್ತಗೆ ಜಜ್ಜಿಹೋದರೆ ಇನ್ನೂ ಒಣಗಿಸಿ.
25. ಶೇಂಗಾ ಬೀಜವನ್ನು ಒಂದೊಂದಾಗಿ ನೋಡಿ ಆರಿಸಿ; ಹಸಿರು, ಕಪ್ಪು ಬೂಸ್ಟು ಹಿಡಿದದ್ದು, ಮುರುಟಿದ್ದು ಎಸೆಯಿರಿ. ಅದರಲ್ಲಿರುವ ಅಫ್ಲಟಾಕ್ಸಿನ್ ಯಕೃತ್ತನ್ನು ಕೆಡಿಸುತ್ತದೆ. ಹುರಿದರೂ ಪೂರ್ತಿ ಹೋಗುವುದಿಲ್ಲ, ಸೀಲ್ ಮಾಡಿದರೂ ಹೋಗುವುದಿಲ್ಲ.
26. ಹುಳದ ಮೊಟ್ಟೆ ಸಾಯಲು ಕಾಳನ್ನು ಮೈನಸ್ 18 ಡಿಗ್ರಿಯಲ್ಲಿ 4 ದಿನ ಇಡಿ.
27. ಫ್ರೀಜರಿನಿಂದ ತೆಗೆದ ಕಾಳಿನ ಪ್ಯಾಕೆಟ್ಟು ಮನೆಯ ಬಿಸಿಗೆ ಬಂದ ಮೇಲೆ ತೆರೆಯಿರಿ. ಮೊದಲೇ ತೆರೆದರೆ ಕಾಳಿನ ಮೇಲೆ ನೀರು ಕೂಡುತ್ತದೆ.
28. ಹಿಟ್ಟು, ಖಾರಪುಡಿ, ಚಟ್ನಿಪುಡಿಯನ್ನು ಮೊದಲು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಆಮೇಲೆ ಚೀಲಕ್ಕೆ ಇಳಿಸಿ. ಪುಡಿ ಪಂಪಿಗೆ ಹೋಗದಿರಲಿ.
29. ಜೋಳದ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಬೀಸಿಸಿ, ಉಳಿದದ್ದು ಫ್ರೀಜರಿನಲ್ಲಿಡಿ.
30. ಒಣ ಮೆಣಸಿನಕಾಯಿ, ಚಕ್ಕೆ, ಒಣಕೊಬ್ಬರಿಯನ್ನು ಬಟ್ಟೆಯಲ್ಲಿ ಸುತ್ತಿ ಹಾಕಿ. ಚೂಪು ತುದಿ ಚೀಲ ತೂತು ಮಾಡುತ್ತದೆ.
31. ಕಡಕ್ ರೊಟ್ಟಿ, ಚಕ್ಕಲಿ, ಸೇವು ಗಟ್ಟಿ ಡಬ್ಬಿಯಲ್ಲಿಡಿ.

ಕಾಯಿಪಲ್ಲೆ

32. ಹೂಕೋಸಿನ ತುಂಡನ್ನು ಕುದಿಯುವ ನೀರಿನಲ್ಲಿ 3 ನಿಮಿಷ ಅದ್ದಿ ತೆಗೆಯಿರಿ.
33. ಬೀನ್ಸನ್ನು 3 ನಿಮಿಷ, ಗಜ್ಜರಿ ಚೂರನ್ನು 2 ನಿಮಿಷ, ಹಸಿ ಬಟಾಣಿಯನ್ನು ಒಂದೂವರೆ ನಿಮಿಷ ಅದ್ದಿ ತೆಗೆಯಿರಿ.
34. ತೆಗೆದ ಕೂಡಲೇ ಐಸ್ ನೀರಿಗೆ ಹಾಕಿ. ಅದ್ದಿದಷ್ಟೇ ಹೊತ್ತು ತಣಿಸಿ.
35. ತಾಟಿನಲ್ಲಿ ಬಿಡಿಬಿಡಿಯಾಗಿ ಹರವಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಸೀಲ್ ಮಾಡಿ.
36. ಸೀತನಿಯನ್ನು, ಇಲ್ಲಿಯವರ ಹುರಡಾವನ್ನು, ಸುಟ್ಟು ತಿಕ್ಕಿ ಕಾಳು ಬಿಡಿಸಿದ ದಿನವೇ ಸೀಲ್ ಮಾಡಿ ಫ್ರೀಜರಿಗೆ ಹಾಕಿ.
37. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಯನ್ನು ಗಾಳಿಯಾಡುವ ಬುಟ್ಟಿಯಲ್ಲಿ ಹಾಗೇ ಇಡಿ.
38. ದ್ರಾಕ್ಷಿಯನ್ನು ತೂತಿರುವ ಪೆಟ್ಟಿಗೆಯಲ್ಲಿ ಫ್ರಿಡ್ಜಿಗೆ ಇಡಿ.

ರಂಜಕ, ಠೇಚಾ, ಬೆಳ್ಳುಳ್ಳಿ ಪೇಸ್ಟ್

39. 4 ದಿನಕ್ಕೆ ಬೇಕಾದಷ್ಟೇ ಅರೆಯಿರಿ.
40. ಅರೆದ ಕೂಡಲೇ ಫ್ರಿಡ್ಜಿನಲ್ಲಿಡಿ.
41. 4 ದಿನ ದಾಟಿದ್ದನ್ನು ಎಸೆಯಿರಿ.
42. ಹೆಚ್ಚು ಅರೆದಿದ್ದರೆ ಐಸ್ ಅಚ್ಚಿನಲ್ಲಿ ಹಾಕಿ ಅದೇ ದಿನ ಗಟ್ಟಿ ಮಾಡಿ, ಆ ಗಟ್ಟಿಯನ್ನು ಸೀಲ್ ಮಾಡಿ ಫ್ರೀಜರಿನಲ್ಲೇ ಉಳಿಸಿ.
43. ಒಂದೊಂದೇ ಗಟ್ಟಿ ತೆಗೆದು ನೇರ ಬಾಣಲೆಗೆ ಹಾಕಿ.

ಮಾಂಸ, ಮೀನು, ಬೇಯಿಸಿದ ಅಡುಗೆ

44. ಭಿಗವಣದ ಪೇಟೆಯಿಂದ ತರುವ ಉಜನಿ ಹಿನ್ನೀರಿನ ಮೀನನ್ನು ದಾರಿಯುದ್ದಕ್ಕೂ ಐಸಿನಲ್ಲಿಡಿ.
45. ಮನೆಗೆ ಬಂದೊಡನೆ ಹೊಟ್ಟೆ ತೆಗೆದು, ತೊಳೆದು, ಒರೆಸಿ, ಸೀಲ್ ಮಾಡಿ ಫ್ರೀಜರಿಗೆ ಹಾಕಿ.
46. ಗಟ್ಟಿಯಾದ ಮೀನನ್ನು ಬಿಡಿಸುವಾಗ ಮೊದಲು ಚೀಲ ಕತ್ತರಿಸಿ ತೆರೆಯಿರಿ; ಆಮೇಲೆ ಫ್ರಿಡ್ಜಿನೊಳಗೆ ಕರಗಲು ಬಿಡಿ.
47. ಎಲುಬಿನ ಚೂಪು ತುದಿಗೆ ಅಡುಗೆಮನೆಯ ದಪ್ಪ ಕಾಗದ ಸುತ್ತಿ.
48. ಫ್ರಿಡ್ಜಿನಲ್ಲಿಟ್ಟ ಹಸಿ ಕೋಳಿ, ಮೀನನ್ನು 2 ದಿನದೊಳಗೆ, ಕುರಿ ಮಾಂಸವನ್ನು 3 ದಿನದೊಳಗೆ ಬೇಯಿಸಿ.
49. ಫ್ರಿಡ್ಜಿನಲ್ಲಿಟ್ಟ ಪಲ್ಯ, ಬೇಳೆ, ಅನ್ನ, ಹೋಳಿಗೆಯನ್ನು 3 ದಿನದೊಳಗೆ ಮುಗಿಸಿ. ಸೀಲ್ ಮಾಡಿದ್ದಕ್ಕೂ ಇದೇ ಲೆಕ್ಕ. ಬಾಟ್ಯುಲಿನಂನಲ್ಲಿ 3 ಡಿಗ್ರಿ ತಂಪಿನಲ್ಲೂ ನಿಧಾನಕ್ಕೆ ಬೆಳೆಯುವ ತಳಿ ಇದೆ.
50. ಸಾರು, ಕಟ್ಟು, ಹಾಲನ್ನು ಡಬ್ಬಿಯಲ್ಲಿ ಗಟ್ಟಿ ಮಾಡಿ, ಆಮೇಲೆ ಚೀಲಕ್ಕೆ ಹಾಕಿ.
51. ಖವಾ, ಪನೀರನ್ನು ತಂದ ದಿನವೇ ಫ್ರೀಜರಿಗೆ ಸೇರಿಸಿ.
52. ತಿನ್ನುವ ಮುಂಚೆ ಅಡುಗೆಯನ್ನು ನಡುಭಾಗದಲ್ಲೂ ಹಬೆಯಾಡುವಷ್ಟು ಬಿಸಿ ಮಾಡಿ.

ಹೆಸರು, ದಿನಾಂಕ

53. ಪ್ರತಿ ಪ್ಯಾಕೆಟ್ಟಿನ ಮೇಲೆ ಪದಾರ್ಥದ ಹೆಸರು, ಸೀಲ್ ಮಾಡಿದ ದಿನ, ಕೊನೆಯ ದಿನ ಬರೆಯಿರಿ.
54. ಫ್ರಿಡ್ಜಿನದೋ ಫ್ರೀಜರಿನದೋ ಎಂಬುದನ್ನೂ ಬರೆಯಿರಿ.
55. ಮನೆಯಲ್ಲಿ ಅಡುಗೆಗೆ ಬರುವವರು ಮರಾಠಿ ಓದುವವರಾದರೆ ಮರಾಠಿಯಲ್ಲೂ ಬರೆಯಿರಿ.
56. ಹಳೆಯದನ್ನು ಮುಂದಿಡಿ, ಹೊಸದನ್ನು ಹಿಂದಿಡಿ.

ಕರೆಂಟು ಹೋದಾಗ

57. ಹೋದ ಹೊತ್ತನ್ನು ಬರೆದಿಡಿ.
58. ಫ್ರಿಡ್ಜಿನ ಬಾಗಿಲು ಮುಚ್ಚೇ ಇಡಿ. ಒಳಗಿನ ತಂಪು 4 ಗಂಟೆ ನಿಲ್ಲುತ್ತದೆ.
59. ಫ್ರೀಜರನ್ನು ತೆರೆಯದೆ ಬಿಡಿ. ತುಂಬಿದ್ದರೆ 48 ಗಂಟೆ, ಅರ್ಧ ತುಂಬಿದ್ದರೆ 24 ಗಂಟೆ ತಡೆಯುತ್ತದೆ.
60. ಕರೆಂಟು ಬಂದ ಮೇಲೆ ಒಂದೊಂದೇ ಪ್ಯಾಕೆಟ್ಟು ಮುಟ್ಟಿ ನೋಡಿ. ಒಳಗೆ ಹರಳು ಉಳಿದಿದ್ದರೆ ಮತ್ತೆ ಗಟ್ಟಿ ಮಾಡಿ.
61. ಪೂರ್ತಿ ಕರಗಿ ಬೆಚ್ಚಗಾದದ್ದನ್ನು ಎಸೆಯಿರಿ.

ಮಾಡಬಾರದ್ದು

ಸೀಲ್ ಮಾಡುವಾಗ

1. ಸೀಲ್ ಮಾಡಿದೆವೆಂದು ತೇವದ ಪದಾರ್ಥವನ್ನು ಫ್ರಿಡ್ಜಿನ ಹೊರಗೆ ಇಡುವುದು ಬೇಡ. ಒಂದು ರಾತ್ರಿಗೂ ಬೇಡ.
2. ಬಿಸಿ ಅಡುಗೆಯನ್ನು ಹಬೆಯ ಸಮೇತ ಸೀಲ್ ಮಾಡಬಾರದು.
3. ಕೆಡುವ ಹಂತಕ್ಕೆ ಬಂದದ್ದನ್ನು ಉಳಿಸಲೆಂದು ಸೀಲ್ ಮಾಡಬಾರದು.
4. ಸೀಲ್ ಬಿಟ್ಟ ತೇವದ ಪ್ಯಾಕೆಟ್ಟಿಗೆ ಮರುದಿನ ಮತ್ತೆ ಸೀಲ್ ಹಾಕುವುದು ಬೇಡ.
5. ಹಾಲಿನ ಚೀಲ, ಬಟ್ಟೆಯಂಗಡಿಯ ಚೀಲ, ಕಸದ ಚೀಲದಲ್ಲಿ ಆಹಾರ ಸೀಲ್ ಮಾಡಬಾರದು.
6. ಹಸಿ ಮಾಂಸ, ಮೀನು, ಮೊಟ್ಟೆ ಹಾಕಿದ ಚೀಲವನ್ನು ತೊಳೆದು ಮತ್ತೆ ಬಳಸುವುದು ಬೇಡ.
7. ಬೇರೆ ಬೇರೆ ದಿನದ ಅಡುಗೆಯನ್ನು ಒಂದೇ ಚೀಲದಲ್ಲಿ ಬೆರೆಸುವುದು ಬೇಡ.
8. ಒದ್ದೆ ಕೈಯಿಂದ ಯಂತ್ರ ಮುಟ್ಟುವುದು ಬೇಡ.
9. ಸೀಲ್ ಆದೊಡನೆ ಕಾದ ಪಟ್ಟಿಗೆ ಬೆರಳು ತಾಗಿಸುವುದು ಬೇಡ.
10. ಯಂತ್ರವನ್ನು ನೀರಿನಲ್ಲಿ ಮುಳುಗಿಸಿ ತೊಳೆಯಬಾರದು.
11. ಚೀಲ, ಯಂತ್ರ ಎರಡೂ ಸಣ್ಣ ಮಕ್ಕಳ ಕೈಗೆ ಸಿಗುವುದು ಬೇಡ.

ಸೀಲ್ ಮಾಡಲೇಬಾರದ ಪದಾರ್ಥ

12. ಹಸಿ ಅಣಬೆ ಬೇಡ.
13. ಸುಲಿದ ಹಸಿ ಬೆಳ್ಳುಳ್ಳಿ, ಹೆಚ್ಚಿದ ಹಸಿ ಈರುಳ್ಳಿ ಬೇಡ.
14. ಎಣ್ಣೆಯಲ್ಲಿ ಹಾಕಿದ ಬೆಳ್ಳುಳ್ಳಿ ಬೇಡ.
15. ಅರೆದ ಹಸಿ ರಂಜಕ, ಠೇಚಾ ಬೇಡ. ಗಟ್ಟಿಯಾದ ಮೇಲೆ ಮಾತ್ರ.
16. ಮೊಳಕೆ ಬಂದ ಮಡಕಿ ಕಾಳು, ಹೆಸರು ಬೇಡ, ಅದಿನ್ನೂ ಉಸಿರಾಡುತ್ತಿರುತ್ತದೆ.
17. ಕುದಿನೀರಿಗೆ ಅದ್ದದ ಹೂಕೋಸು, ಎಲೆಕೋಸು, ಬ್ರೊಕೊಲಿ ಬೇಡ. ಅನಿಲ ಬಿಟ್ಟು ಚೀಲ ಉಬ್ಬಿಸುತ್ತವೆ.
18. ಮೊಸರು, ಹುಳಿ ಬಂದ ಹಿಟ್ಟು ಬೇಡ.
19. ಮೆತ್ತನೆಯ ಚೀಸ್ ಬೇಡ.
20. ಕಬ್ಬಿನ ಹಾಲು ಬೇಡ.
21. ಪೂರ್ತಿ ಒಣಗದ ಸಂಡಿಗೆ, ಹಪ್ಪಳ, ಶ್ಯಾವಿಗೆ ಬೇಡ.
22. ತೇವದ ಗಾಳಿಗೆ ಮೆತ್ತಗಾದ ಸೇವು, ಚಿವಡಾ ಬೇಡ.

ಹುಸಿ ಧೈರ್ಯ

23. ನಿಂಬೆ ಹಿಂಡಿದ್ದೇವೆ, ಹುಣಸೆ ಹಾಕಿದ್ದೇವೆ ಎಂದು ಹೊರಗಿಡುವುದು ಬೇಡ; ಬಾಟ್ಯುಲಿನಂ ಬೆಳೆಯದಷ್ಟು ಹುಳಿ ಇದೆಯೇ, ಅಂದರೆ ಪಿಎಚ್ 4.6ಕ್ಕಿಂತ ಕೆಳಗಿದೆಯೇ ಎಂಬುದನ್ನು ನಾಲಿಗೆ ಹೇಳಲಾರದು.
24. ಕುಕ್ಕರಿನಲ್ಲಿ ಬೆಂದಿದೆ ಎಂದು ಹೊರಗಿಡುವುದು ಬೇಡ. ಬೀಜಕಣ ಸಾಯಲು ಒತ್ತಡದಲ್ಲಿ 121 ಡಿಗ್ರಿ ಬಿಸಿ ಒಳಗಿನ ತುಣುಕಿಗೂ ತಾಗಬೇಕು; ಬಡಿಸುವ ಸೌಟಿನಿಂದಲೂ ಅದು ಮತ್ತೆ ಹತ್ತಬಹುದು.
25. ಮೇಲೆ ಎಣ್ಣೆ ತೇಲುತ್ತಿದೆ ಎಂದು ನಂಬುವುದು ಬೇಡ. ಎಣ್ಣೆಯೂ ಗಾಳಿಯನ್ನೇ ತಡೆಯುತ್ತದೆ.
26. ಮೂಸಿ ನೋಡಿ ತೀರ್ಮಾನಿಸುವುದು ಬೇಡ.
27. ಚೂರು ನಾಲಿಗೆಗೆ ಹಚ್ಚಿ ನೋಡುವುದು ಬೇಡ.
28. ಮತ್ತೆ ಕುದಿಸಿದರೆ ಸರಿಹೋಗುತ್ತದೆ ಎಂದು ಅನುಮಾನದ ಪ್ಯಾಕೆಟ್ಟನ್ನು ಒಲೆಗೆ ಏರಿಸುವುದು ಬೇಡ.
29. ಸೀಲರಿನ ಪೆಟ್ಟಿಗೆಯ ಮೇಲೆ ‘ಐದು ಪಟ್ಟು ಹೆಚ್ಚು ದಿನ’ ಎಂದಿದ್ದರೆ ಅದನ್ನು ತೇವದ ಅಡುಗೆಗೆ ಅನ್ವಯಿಸುವುದು ಬೇಡ.
30. ಫ್ರೀಜರಿನ ಪದಾರ್ಥವನ್ನು ಕಟ್ಟೆಯ ಮೇಲಿಟ್ಟು ಕರಗಿಸುವುದು ಬೇಡ.
31. ಕರಗಿ ಬೆಚ್ಚಗಾದ ಮಾಂಸವನ್ನು ಮತ್ತೆ ಫ್ರೀಜರಿಗೆ ತಳ್ಳುವುದು ಬೇಡ.
32. ಚೀಲದ ಮೇಲೆ ಅನುಮತಿ ಮುದ್ರಿಸಿಲ್ಲದಿದ್ದರೆ ಅದನ್ನು ಮೈಕ್ರೋವೇವಿಗಾಗಲಿ ಕುದಿನೀರಿಗಾಗಲಿ ಹಾಕಬಾರದು.

ಊರಿನ ಗಂಟು, ಪ್ರಯಾಣ, ಕೊರಿಯರ್

33. ಬಾರಾಮತಿಯಿಂದ ಇಂದಾಪುರ, ಸೊಲ್ಲಾಪುರ ದಾಟಿ ವಿಜಯಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಸೀಲ್ ಮಾಡಿದ ಪಲ್ಯ, ಎಣಗಾಯಿ, ಮಾಂಸದ ಸಾರು ಒಯ್ಯುವುದು ಬೇಡ.
34. ಊರಿಂದ ಬಂದ ಹೋಳಿಗೆ, ಖವಾದ ಸಿಹಿಯನ್ನು ‘ಪ್ಯಾಕ್ ಆಗಿದೆಯಲ್ಲ’ ಎಂದು ಕಪಾಟಿನಲ್ಲಿಡುವುದು ಬೇಡ.
35. ಪುಣೆಯ ಹಾಸ್ಟೆಲಿನಲ್ಲಿರುವ ಮಗನಿಗೆ, ಮಗಳಿಗೆ ತೇವದ ಅಡುಗೆ ಕೊರಿಯರ್ ಮಾಡಬಾರದು.
36. ಚಟ್ನಿಪುಡಿ, ಕಡಕ್ ರೊಟ್ಟಿ, ಹುರಿದ ಶೇಂಗಾ, ಒಣ ಮಸಾಲೆ ಬಿಟ್ಟು ಬೇರೇನನ್ನೂ ಐಸಿಲ್ಲದೆ ಕಳಿಸುವುದು ಬೇಡ.
37. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಪ್ಯಾಕೆಟ್ಟು ಬಿಟ್ಟು ಹೋಗುವುದು ಬೇಡ.
38. ಯಾವ ದಿನ ಸೀಲ್ ಮಾಡಿದ್ದು ಎಂದು ಗೊತ್ತಿಲ್ಲದ್ದನ್ನು ಯಾರಿಗೂ ಕೊಡುವುದು ಬೇಡ.

ಉಬ್ಬಿದ ಪ್ಯಾಕೆಟ್ಟು

39. ತೆರೆಯುವುದು ಬೇಡ.
40. ಸೂಜಿ ಚುಚ್ಚಿ ಗಾಳಿ ಬಿಡುವುದು ಬೇಡ.
41. ಸಿಂಕಿಗೆ ಸುರಿಯುವುದು ಬೇಡ. ಇನ್ನೆರಡು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ, ಕೈ ತೊಳೆಯಿರಿ.
42. ಹಸು, ಎಮ್ಮೆ, ನಾಯಿ, ಕೋಳಿಗೆ ಹಾಕುವುದು ಬೇಡ; ಈ ವಿಷ ದನಕರುವನ್ನೂ ಕೆಡವುತ್ತದೆ.
43. ಉಬ್ಬಿಲ್ಲ ಎಂಬ ಒಂದೇ ಕಾರಣಕ್ಕೆ ಸುರಕ್ಷಿತ ಎನ್ನುವುದು ಬೇಡ; ಬಿಗಿಯಾಗಿಯೇ ಇರುವ ಪ್ಯಾಕೆಟ್ಟಿನಲ್ಲೂ ವಿಷ ಇರಬಹುದು.

ತಿಂದು ಆಗಿದ್ದರೆ

ಈ ವಿಷದಿಂದ ಬರುವ ಕಾಯಿಲೆಯೇ ಬಾಟ್ಯುಲಿಸಂ. ಅದರ ಲಕ್ಷಣ ಸಾಮಾನ್ಯವಾಗಿ 12ರಿಂದ 36 ಗಂಟೆಯೊಳಗೆ ಕಾಣುತ್ತದೆ. ಕೆಲವರಿಗೆ 4 ಗಂಟೆಯಲ್ಲೇ, ಕೆಲವರಿಗೆ 8 ದಿನದಷ್ಟು ತಡವಾಗಿ. ರೆಪ್ಪೆ ಜೋಲುವುದು, ಒಂದು ಎರಡಾಗಿ ಕಾಣುವುದು, ಬಾಯಿ ಒಣಗುವುದು, ಮಾತು ತೊದಲುವುದು, ನುಂಗಲಾಗದಿರುವುದು, ಕತ್ತು ಮತ್ತು ತೋಳು ಸೋಲುವುದು. ವಾಂತಿ, ಹೊಟ್ಟೆನೋವು ಮೊದಲು ಬರಬಹುದು. ಸಾಮಾನ್ಯವಾಗಿ ಜ್ವರ ಇರುವುದಿಲ್ಲ, ಎಚ್ಚರ ತಪ್ಪುವುದಿಲ್ಲ.

ಮಾಡಬೇಕಾದ್ದು

1. 108ಕ್ಕೆ ಕರೆ ಮಾಡಿ.
2. ಬಾರಾಮತಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ಉಸಿರಾಟದ ಯಂತ್ರವಿರುವ ಹತ್ತಿರದ ಬೇರೆ ಆಸ್ಪತ್ರೆಗೋ ನೇರ ಹೋಗಿ.
3. ವೈದ್ಯರಿಗೆ ‘ಬಾಟ್ಯುಲಿಸಂ ಇರಬಹುದು, ಗಾಳಿ ತೆಗೆದ ಪ್ಯಾಕೆಟ್ಟಿನ ಅಡುಗೆ ತಿಂದಿದ್ದೇವೆ’ ಎಂದು ಈ ಮಾತುಗಳಲ್ಲೇ ಹೇಳಿ.
4. ತಿಂದ ದಿನ, ತಿಂದ ಹೊತ್ತು, ಪದಾರ್ಥದ ಹೆಸರು ಹೇಳಿ.
5. ಉಳಿದ ಅಡುಗೆಯನ್ನು ಚೀಲದ ಸಮೇತ ಇನ್ನೊಂದು ಚೀಲದಲ್ಲಿ ಕಟ್ಟಿ ಪರೀಕ್ಷೆಗೆ ಒಯ್ಯಿರಿ.
6. ಅದೇ ಪ್ಯಾಕೆಟ್ಟಿನಿಂದ ತಿಂದ ಎಲ್ಲರನ್ನೂ ಕರೆದೊಯ್ಯಿರಿ, ಚೆನ್ನಾಗಿರುವವರನ್ನೂ.

ಮಾಡಬಾರದ್ದು

1. ನುಂಗಲಾಗದವರ ಬಾಯಿಗೆ ನೀರು, ಮಜ್ಜಿಗೆ, ಮಾತ್ರೆ ಹಾಕುವುದು ಬೇಡ.
2. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡ.
3. ಮನೆಮದ್ದು ಮಾಡಬಾರದು.
4. ನಿಶ್ಶಕ್ತಿ, ಆಯಾಸ ಎಂದು ಮಲಗಿಸಿ ಬಿಡುವುದು ಬೇಡ.
5. ನಾಳೆ ಬೆಳಿಗ್ಗೆ ನೋಡೋಣ ಎಂದು ರಾತ್ರಿ ಕಳೆಯುವುದು ಬೇಡ. ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವು ಲಕ್ವ ಹರಡುವುದನ್ನು ತಡೆಯುತ್ತದೆ, ಆಗಿಹೋದ ಲಕ್ವವನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಈಗಲೇ ಹೊರಡಿ.